ಮಾದರಿ ಸಾಲು

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದಿರುವ ಅರ್ಜಿ ಸೇವಾ ಕೇಂದ್ರದ ಪಾಳಿಯಲ್ಲಿ ಹನ್ನೊಂದನೆಯವನಾಗಿ ನಿಂತಿದ್ದ ಸಿದ್ರಾಮನಿಗೆ, ಒಳಗೆ ಬೈಸಿಕೊಳ್ಳುತ್ತಿರುವವನು ತಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಬೈಯುತ್ತಿದ್ದವಳು ಕೌಂಟರಿನ ಆಚೆ ಕೂತ ಆಪರೇಟರ್. ಮಾನಿಟರಿನ ಬೆನ್ನು ಅಡ್ಡ ಬಂದು ಮುಖ ಕಾಣುತ್ತಿರಲಿಲ್ಲ. ತಲೆಯ ಮೇಲಕ್ಕೇರಿಸಿದ ಕನ್ನಡಕ ಕಾಣುತ್ತಿತ್ತು, ದನಿ ಮಾತ್ರ ಬೀದಿಯವರೆಗೂ ಕೇಳುತ್ತಿತ್ತು.

“ಈ ಹೊಸ ಅಕ್ಷರ ಮಾಡಿದಾವ ಯಾರೋ ಏನೋ. ಒತ್ತಕ್ಷರ ಅಂದ್ರ ಇರಿವಿ ಆಗ್ಯಾವ. ಅವನ್ನ ತಂದು ಈ ಕುರ್ಚಿ ಮ್ಯಾಲೆ ಒಂದಿನ ಕುಂದರ್ಸಬೇಕು, ಆವಾಗ ಗೊತ್ತಾಗ್ತದ.”

ಪಾಳಿಯಲ್ಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಸಿದ್ರಾಮನೂ ಆಡಿಸಿದ. ಬೇರೇನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಅವನ ಕಸುಬೇ ಅಕ್ಷರ ಮಾಡುವುದು. ಅರಕೇರಾದ ಕುರಿಗಾರರ ಮನೆಯ ಮಗ, ಈಗ ರಾಯಚೂರಿನಲ್ಲಿ ಒಂದು ಕೋಣೆ ಹಿಡಿದು, ದೊಡ್ಡ ಪರದೆಯ ಮುಂದೆ ಕೂತು ಕಂಪ್ಯೂಟರಿಗೆ ಕನ್ನಡ ಫಾಂಟ್ ಬರೆಯುತ್ತಿದ್ದ. ಇಂಥ ಅರವತ್ತು ಸೇವಾ ಕೇಂದ್ರಗಳಿಗೆ ಸಾಫ್ಟ್‌ವೇರ್ ಕೊಡುವ ಕಂಪನಿಯೊಂದು ಅವನಿಂದ ಹೊಸ ಫಾಂಟ್ ಕೇಳಿತ್ತು. ಪುಸ್ತಕದ ಅಕ್ಷರಗಳ ಹಾಗೆ ದಪ್ಪ-ಸಣ್ಣ ವೈಯಾರ ಬೇಡ, ತುದಿಗೆ ಕೊಂಡಿ ಬೇಡ, ಮೊದಲಿಂದ ಕೊನೆಯವರೆಗೆ ಒಂದೇ ದಪ್ಪದ ಸರಳ ಗೆರೆ ಸಾಕು. ಸ್ಯಾನ್ಸ್ ಸೆರಿಫ್ ಎನ್ನುತ್ತಾರಲ್ಲ, ಅದು. ಸಿದ್ರಾಮ ಅದಕ್ಕೆ ‘ಬಯಲು’ ಎಂದು ಹೆಸರಿಟ್ಟು, ಮೊದಲ ರೂಪವನ್ನು ಪರೀಕ್ಷೆಗೆಂದು ದೇವದುರ್ಗ ಮತ್ತು ಮಾನ್ವಿಯ ಎರಡೇ ಕೇಂದ್ರಗಳಿಗೆ ಕಳಿಸಿದ್ದ. ಹೇಗಿದೆ ಎಂದು ಕೇಳಿಕೊಂಡು ಬರೋಣವೆಂದು ಹೊರಟವನಿಗೆ ಕೇಳುವ ಮೊದಲೇ ಉತ್ತರ ಸಿಕ್ಕಿತ್ತು.

ಪಾಳಿ ಮುಂದೆ ಸರಿದಂತೆ ಅವನು ಇನ್ನೊಂದು ಸಂಗತಿ ನೋಡಿದ. ಪ್ರತಿಯೊಬ್ಬರ ಅರ್ಜಿ ಟೈಪ್ ಮಾಡಿ ಮುಗಿಸಿದ ಮೇಲೆ ಆಕೆ ಮಾನಿಟರನ್ನು ಎರಡೂ ಕೈಯಿಂದ ಹಿಡಿದು ಅವರ ಕಡೆ ತಿರುಗಿಸುತ್ತಿದ್ದಳು. ಬರೆದದ್ದನ್ನು ಜೋರಾಗಿ ಓದಿ ಹೇಳಿ, “ಎಲ್ಲಾ ಸರಿ ಅದ ನೋಡ್ರಿ” ಎನ್ನುವಳು. ಅವರು ಹೌದೆಂದ ಮೇಲೆಯೇ ಪ್ರಿಂಟ್. ಹಾಗೆ ಮಾಡೆಂದು ಯಾರೂ ಆಕೆಗೆ ಹೇಳಿರಲಿಲ್ಲ. ಅದು ಆಕೆಯದೇ ರೂಢಿ.

ಸಿದ್ರಾಮನ ಮುಂದೆ ಗಬ್ಬೂರಿನ ಆದೆಮ್ಮ ಎಂಬ ಮುದುಕಿ ನಿಂತಿದ್ದಳು. ಇಳಿವಯಸ್ಸಿನಲ್ಲಿ ರಾತ್ರಿಶಾಲೆಗೆ ಹೋಗಿ ಕಲಿತದ್ದು ತನ್ನ ಹೆಸರಿನ ಮೂರಕ್ಷರ ಮಾತ್ರ. ಪರದೆ ತಿರುಗಿದಾಗ ಆಕೆ ಕಣ್ಣು ಕಿರಿದು ಮಾಡಿ ನೋಡಿ, ಇದು ತನ್ನ ಹೆಸರೇ ಅಲ್ಲ ಎಂದು ಹಟ ಹಿಡಿದಳು. ಆಕೆಯ ಹೆಸರಿನ ಕೊನೆಯ ಒತ್ತು ಸಣ್ಣಗೆ ಮುದ್ದೆಯಾಗಿ, ಗಾಜಿನ ಮೇಲೆ ಕೂತ ಧೂಳಿನ ಚುಕ್ಕೆಯಂತೆ ಕಾಣುತ್ತಿತ್ತು. ಸಿದ್ರಾಮ ತಲೆ ತಗ್ಗಿಸಿದ.

ಅವನ ಪಾಳಿ ಬಂತು. ಕನ್ನಡಕ ಈಗ ಮೂಗಿನ ಮೇಲಿತ್ತು, ಅದರ ಹಿಂದಿನ ಕಣ್ಣು ಕೆಂಪಗಾಗಿದ್ದವು. ನೇತ್ರಾವತಿ ಎಂದು ಮೇಜಿನ ಮೇಲಿನ ಪಟ್ಟಿಯಲ್ಲಿತ್ತು. ಹೆಸರಿನಲ್ಲೇ ಕಣ್ಣು ಇಟ್ಟುಕೊಂಡವಳಿಗೆ ಕಣ್ಣಿನದೇ ಕಷ್ಟ, ನೋಡಿ.

“ಏನಾಗ್ಬೇಕ್ರಿ?”

“ಏನಿಲ್ರಿ ಮೇಡಂ. ಆ ಅಕ್ಷರ ಮಾಡಿದಾವ ನಾನೇ.”

ಕ್ಷಮೆ ಕೇಳುತ್ತಾಳೆಂದು ಅವನು ಎಣಿಸಿದ್ದರೆ ಅದು ಅವನ ತಪ್ಪು. ಆಕೆ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಎದ್ದು, ಕುರ್ಚಿಯನ್ನು ಹಿಂದಕ್ಕೆಳೆದು, ಬನ್ನಿ ಕೂತುಕೊಳ್ಳಿ ಎಂದು ಕೈ ತೋರಿಸಿದಳು. ಅವನು ಕೂತ. ಒಂದು ತಾಸು ಪಹಣಿ ಅರ್ಜಿ, ಜಾತಿ-ಆದಾಯದ ಅರ್ಜಿ ಟೈಪ್ ಮಾಡಿದ. ಏಳು ವರ್ಷದ ಹಳೆಯ ಮಾನಿಟರ್, ಬೆನ್ನ ಹಿಂದೆ ಪಡುವಣ ಕಿಟಕಿ, ಅದರಿಂದ ಗಾಜಿನ ಮೇಲೆ ಬೀಳುವ ಬಿಸಿಲು. ರಾಯಚೂರಿನ ತನ್ನ ಹೊಳೆಯುವ ಪರದೆಯ ಮೇಲೆ ಚೆಂದ ಕಂಡಿದ್ದ ಅಕ್ಷರಗಳೆಲ್ಲ ಇಲ್ಲಿ ಹೊಟ್ಟೆ ಮುಚ್ಚಿಕೊಂಡು ಕೂತಿದ್ದವು. ತಾಸು ಮುಗಿದಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು.

ಆಕೆ ತನ್ನ ಕರ್ಚೀಫು ಮುಂದೆ ಹಿಡಿದಳು. ನಗಲಿಲ್ಲ, ಆದರೆ ತುಟಿಯ ಒಂದು ಕೊನೆ ಸುಮ್ಮನಿರಲಾರದೆ ಮೇಲಕ್ಕೆ ಹೋಯಿತು. ಸಿದ್ರಾಮ ಆ ತಿರುವನ್ನು ರಾಯಚೂರಿನವರೆಗೂ ನೆನೆಸಿಕೊಂಡು ಹೋದ. ಕಸುಬು ಅಂಥದ್ದು, ತಿರುವುಗಳು ಬೇಗ ಮರೆಯುವುದಿಲ್ಲ.

ಮಾರನೆಯ ದಿನವೇ ಅವನು ಅಮೀರ್ ಸಾಬ್‌ನ ರಿಪೇರಿ ಅಂಗಡಿಗೆ ಹೋಗಿ, ಗಿರಾಕಿ ಬಿಟ್ಟು ಹೋದ ಹಳೆಯ ಮಾನಿಟರುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಕೊಡಿ ಎಂದು ಕೇಳಿದ. ಅಮೀರ್ ಸಾಬ್ ಅವನ ಮುಖ ನೋಡಿ, ಆರಾಮಿದ್ದೀಯಾ ಎಂದು ವಿಚಾರಿಸಿದ. ದೊಡ್ಡ ಪರದೆ ಮೂಲೆಗೆ ಹೋಯಿತು. ಇನ್ನು ಮೇಲೆ ಯಾವ ಅಕ್ಷರವೂ ಈ ಮಬ್ಬು ಗಾಜಿನ ಮೇಲೆ ಪಾಸಾಗದೆ ದೇವದುರ್ಗಕ್ಕೆ ಹೋಗುವಂತಿರಲಿಲ್ಲ.

ಪ್ರತಿ ಗುರುವಾರ ಅವನು ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಫಾಂಟ್ ಪರೀಕ್ಷಿಸಲು ಎಲ್ಲ ಅಕ್ಷರ, ಎಲ್ಲ ಒತ್ತು ಬರುವಂಥ ಸಾಲುಗಳು ಬೇಕು. ಅವನು ಮೊದಲು ತಂದದ್ದು ಒಣ ಸಾಲುಗಳು, ಸಂತೆಯ ಪಟ್ಟಿಯಂತೆ ಪದಕ್ಕೆ ಪದ ಹೊಂದಿಸಿದ್ದು. ಅರ್ಧಕ್ಕೇ ನೇತ್ರಾವತಿ ಕೈ ಬಿಟ್ಟಳು.

“ಇದನ್ನ ಯಾರು ಓದ್ತಾರ್ರಿ? ಓದಬೇಕು ಅನ್ನಿಸೋ ಹಂಗ ಏನಾರ ಬರ್ಕೊಂಡು ಬರ್ರಿ. ಎಲ್ಲಿ ಎಡವತೀನಿ ಅಂತ ಆಮ್ಯಾಲೆ ಹೇಳ್ತೀನಿ.”

ಮುಂದಿನ ವಾರ ಅವನು ಹೀಗೆ ಬರೆದು ತಂದ: ‘ಗಬ್ಬೂರಿನಲ್ಲಿ ಒಬ್ಬ ಅಜ್ಜ ಬಸ್ಸು ಹತ್ತಿದ. ಅವನ ಕುರಿಮರಿ ದೇವದುರ್ಗ ಬರುವವರೆಗೂ ನನ್ನ ತೊಡೆಯ ಮೇಲೆ ನಿದ್ದೆ ಮಾಡಿತು.’ ಆಕೆ ಕಣ್ಣಿಗೆ ಒತ್ತಿದ ಎರಡು ಅಕ್ಷರಗಳನ್ನು ಕೆಂಪು ಮಾಡಿದಳು. ಕೆಳಗೆ, ಅವನದೇ ಫಾಂಟಿನಲ್ಲಿ, ‘ಮರಿಗೆ ಟಿಕೆಟ್ ಯಾರು ತೆಗೆಸಿದರು?’ ಎಂದು ಟೈಪ್ ಮಾಡಿದಳು.

ಅಲ್ಲಿಂದ ಶುರುವಾಯಿತು. ಬಾಯಲ್ಲಿ ಇಬ್ಬರೂ ಆಡುತ್ತಿದ್ದದ್ದು ಅಕ್ಷರದ ಮಾತೇ: ಈ ಮ-ಕಾರದ ಹೊಟ್ಟೆ ಇನ್ನಷ್ಟು ತೆರೆಯಬೇಕು, ಈ ತಲೆಕಟ್ಟು ಮೊಂಡಾಯಿತು, ಸಾಲಿಗೂ ಸಾಲಿಗೂ ನಡುವೆ ಉಸಿರಾಡಲು ಜಾಗ ಸಾಲದು. ಉಳಿದದ್ದೆಲ್ಲ ಪರೀಕ್ಷೆಯ ಸಾಲುಗಳಲ್ಲಿ. ‘ಇವತ್ತು ಹಸಿರು ಸೀರೆ ನೋಡಿದೆ. ಬಸ್ಸಿನಲ್ಲಲ್ಲ’ ಎಂದು ಒಮ್ಮೆ ಅವನು ಧೈರ್ಯ ಮಾಡಿ ಅಲ್ಲೇ ಕೂತು ಟೈಪ್ ಮಾಡಿದ. ‘ಅದು ಹಸಿರಲ್ಲ, ನವಿಲು ಬಣ್ಣ. ಬಣ್ಣ ತಿಳಿಯದವರು ಅಕ್ಷರ ಮಾತ್ರ ನೋಡಬೇಕು’ ಎಂದು ಉತ್ತರ ಬಂತು. ಅವನು ಓರೆಗಣ್ಣಿನಿಂದ ನೋಡಿದಾಗ ಆಕೆ ಗಂಭೀರವಾಗಿ ಕೀಬೋರ್ಡಿನ ಧೂಳು ಒರೆಸುತ್ತಿದ್ದಳು. ಕಿವಿ ಮಾತ್ರ ಕೆಂಪಾಗಿದ್ದವು.

ಐದನೆಯ ತಿಂಗಳಲ್ಲಿ ಆದೆಮ್ಮ ಮತ್ತೊಂದು ಕಾಗದಕ್ಕೆ ಬಂದಳು. ಸಿದ್ರಾಮ ಅವತ್ತು ಅಲ್ಲೇ ಇದ್ದ. ನೇತ್ರಾವತಿ ಮಾನಿಟರು ತಿರುಗಿಸಿದಳು. ಮುದುಕಿ ಬಗ್ಗಿ ನೋಡಿ, ಬೆರಳು ಚಾಚಿ ಗಾಜಿನ ಮೇಲೆ ತನ್ನ ಹೆಸರನ್ನು ಮುಟ್ಟಿದಳು.

“ಹೌದವ್ವ, ಇದು ನಾನೇ” ಎಂದಳು.

ಸಿದ್ರಾಮ ತಲೆ ಎತ್ತಿದರೆ ನೇತ್ರಾವತಿ ಪರದೆಯನ್ನಲ್ಲ, ಅವನನ್ನು ನೋಡುತ್ತಿದ್ದಳು. ಈ ಸಲ ಆಕೆ ಕಣ್ಣು ತಿರುಗಿಸಲಿಲ್ಲ. ಅವನೇ ತಿರುಗಿಸಿದ, ಹೆದರುಪುಕ್ಕಲ.

ಅದರ ಮುಂದಿನ ಗುರುವಾರ ಅವನ ಸಾಲುಗಳಲ್ಲಿ ಒಂದಕ್ಷರವೂ ಕೆಂಪಾಗಿರಲಿಲ್ಲ. ಬದಲಿಗೆ ಕೆಳಗೆ ಆಕೆಯದೇ ಉದ್ದನೆಯ ಸಾಲು ಇತ್ತು: ‘ನಾಲ್ಕು ವರ್ಷದಿಂದ ದಿನಾ ತಲೆನೋವು. ಈ ದೀಪಾವಳಿಯೊಳಗೆ ಬಿಡದಿದ್ದರೆ ಕೆಲಸ ಬಿಡು ಅಂತ ಅಣ್ಣ ಹೇಳಿದ್ದಾನೆ. ಮಾನ್ವಿಯ ಒಂದು ಮನೆಯವರು ಕೇಳಿಕೊಂಡು ಬಂದಿದ್ದಾರೆ. ಅಲ್ಲಿಗೆ ಹೋದರೆ ಕೆಲಸವಿಲ್ಲ. ನನಗೆ ಈ ಕುರ್ಚಿ ಬೇಕು.’

ಅಣ್ಣ ಪರಮಣ್ಣನಿಗೆ ಊರಲ್ಲೇ ಟೈರಿನ ಅಂಗಡಿ. ತಂದೆ ಹೋದ ಮೇಲೆ ತಂಗಿಯನ್ನು ಓದಿಸಿದವನು, ಕೆಟ್ಟವನಲ್ಲ. ತಂಗಿ ಸಂಜೆಯಾದರೆ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುವುದನ್ನು ನೋಡಲಾರ, ಅಷ್ಟೇ. ಆಕೆ ತನ್ನ ಕನ್ನಡಕದ ಡಬ್ಬಿಯಲ್ಲಿ ತಲೆನೋವಿನ ಗುಳಿಗೆ ತುಂಬಿಟ್ಟುಕೊಂಡು ಓಡಾಡುವುದು ಸಿದ್ರಾಮನಿಗೂ ಗೊತ್ತಿತ್ತು.

ಅಂದಿನಿಂದ ಅವನು ಊಟ ನಿದ್ದೆ ಮರೆತು ಕೆಲಸಕ್ಕೆ ಬಿದ್ದ. ಒತ್ತಕ್ಷರಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮತ್ತೆ ಬರೆದ. ಸಾಲಿನ ಅಂತರ ಹೆಚ್ಚಿದರೆ ಫಾರ್ಮಿನ ಚೌಕಗಳು ಹೊಂದುವುದಿಲ್ಲ ಎಂದು ಕಂಪನಿಯವರು ತಕರಾರು ತೆಗೆದಾಗ, ಎಂದೂ ಎದುರಾಡದವನು, ಹಾಗಿದ್ದರೆ ಚೌಕ ದೊಡ್ಡದು ಮಾಡಿ ಎಂದು ಫೋನಿನಲ್ಲಿ ಗದರಿದ. ದೇವದುರ್ಗಕ್ಕೆ ಹೋದಾಗ ಪಡುವಣ ಕಿಟಕಿಗೆ ಒಂದು ದಪ್ಪ ಪರದೆಯನ್ನೂ ಕಟ್ಟಿ ಬಂದ. ಅದು ಫಾಂಟ್ ಮಾಡುವವನ ಕೆಲಸವಲ್ಲ ಎಂದು ಆಕೆ ಹೇಳಿದಳು. ಹೇಳುತ್ತಲೇ ಸ್ಟೂಲು ಅಲುಗದಂತೆ ಹಿಡಿದುಕೊಂಡು ನಿಂತಿದ್ದಳು.

ದೀಪಾವಳಿಗೆ ಹದಿನೈದು ದಿನ ಇರುವಾಗ ಆಕೆ ಕನ್ನಡಕದ ಡಬ್ಬಿಯನ್ನು ಅವನ ಮುಂದೆ ತೆರೆದಿಟ್ಟಳು. ಖಾಲಿ ಇತ್ತು.

“ಗುಳಿಗಿ ನುಂಗಿ ಒಂದು ತಿಂಗಳಾತು ನೋಡ್ರಿ” ಎಂದಳು, ಮೆಲ್ಲಗೆ.

ಅಕ್ಷರದಿಂದಲೋ, ಕಿಟಕಿಯ ಪರದೆಯಿಂದಲೋ, ಇಬ್ಬರೂ ವಿಚಾರಿಸಲಿಲ್ಲ. ಆಕೆ ಹಾಗೇ ನೋಡುತ್ತಾ ನಿಂತಿದ್ದಳು. ಕನ್ನಡಕವಿಲ್ಲದ ಕಣ್ಣು, ಬಿಳಿ ಬಿಳಿಯಾಗಿ, ತೊಳೆದಿಟ್ಟ ಹಾಗೆ. ಏನಾದರೂ ಹೇಳುತ್ತಾನೇನೋ ಎಂದು ಕಾಯುತ್ತಿರುವುದು ಕುರುಡನಿಗೂ ಕಾಣುವಂತಿತ್ತು. ಸಿದ್ರಾಮ ಬಾಯಿ ತೆರೆದ. “ಆ ಷ-ಕಾರದ ಒತ್ತು ಈಗ ಹೆಂಗದ ರೀ?” ಎಂದು ಕೇಳಿದ.

“ಚೊಲೋ ಅದ” ಎಂದು ಆಕೆ ಡಬ್ಬಿ ಮುಚ್ಚಿದಳು. ಆ ದಿನ ಮತ್ತೆ ಮಾತಾಡಲಿಲ್ಲ.

ಮರುದಿನ ಶುಕ್ರವಾರ. ಫಾಂಟ್ ಎಲ್ಲ ಕೇಂದ್ರಗಳಿಗೂ ಹೊರಡುವ ದಿನ. ಫಾಂಟಿನ ಫೈಲಿನೊಳಗೆ ಅದರ ಹೆಸರು, ಮಾಡಿದವರ ಹೆಸರಿನ ಜೊತೆಗೆ ಮಾದರಿ ಸಾಲು ಎಂದು ಒಂದು ಜಾಗವಿರುತ್ತದೆ. ಫೈಲು ತೆರೆದು ನೋಡಿದವರಿಗೆ ಅಕ್ಷರಗಳ ರೂಪ ತಿಳಿಯಲೆಂದು. ಕೊನೆಯ ತಪಾಸಣೆ ಮಾಡುತ್ತಾ ಸಿದ್ರಾಮ ಆ ಖಾಲಿ ಜಾಗವನ್ನು ನೋಡಿದ. ನಿನ್ನೆ ನಾಲಿಗೆಯ ಮೇಲೆ ಬಾರದ ಮಾತು ಬೆರಳಿಗೆ ಬಂತು. ಒಮ್ಮೆ ತನ್ನ ಅಕ್ಷರದಲ್ಲಿ ನೋಡಿಬಿಡೋಣ, ಆಮೇಲೆ ಅಳಿಸಿದರಾಯಿತು ಎಂದು ಬರೆದ:

‘ನೇತ್ರಾವತಿ, ಇದರಲ್ಲಿಯ ಪ್ರತಿ ಅಕ್ಷರವನ್ನೂ ನಿಮ್ಮ ಕಣ್ಣಿಗಾಗಿಯೇ ತಿದ್ದಿದೆ. ಉಳಿದ ಆಯುಷ್ಯವೆಲ್ಲ ಹೀಗೇ ತಿದ್ದುತ್ತಾ ನಿಮ್ಮ ಹತ್ತಿರ ಇರಲೇ?’

ಚೆಂದ ಕಂಡಿತು. ಅದನ್ನೇ ನೋಡುತ್ತಾ ಕೂತಿರುವಾಗ ಕಂಪನಿಯಿಂದ ಫೋನು ಬಂತು: ಇನ್ನೂ ಬಂದಿಲ್ಲ, ಐದು ನಿಮಿಷದಲ್ಲಿ ಕಳಿಸಿ. ಅವನು ಗಡಬಡಿಸಿ ಕಳಿಸಿದ.

ಸೋಮವಾರ ಬೆಳಿಗ್ಗೆ ಮಾನ್ವಿ ಕೇಂದ್ರದ ಗುಲ್ಶನ್ ಬೇಗಂ ಫೋನು ಮಾಡಿದಳು. ಆಪರೇಟರುಗಳಲ್ಲೆಲ್ಲ ಹಿರಿಯಳು, ಅವನ ಫಾಂಟನ್ನು ಮೊದಲಿನಿಂದ ಪರೀಕ್ಷಿಸಿದವಳು.

“ಸಿದ್ರಾಮ ಭಾಯಿ, ಅಕ್ಷರ ಭಾಳ ಚೊಲೋ ಅದಾವ” ಎಂದಳು. “ಒಳಗಿನ ಸಾಲು ಅದಕ್ಕಿಂತ ಚೊಲೋ ಅದ. ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ಯಾರೋ ಹಾಕ್ಯಾರ. ಅರವತ್ತೂ ಸೆಂಟರಿನವರು ಓದ್ಯಾರ.”

ಸಿದ್ರಾಮ ಫೋನು ಕೆಳಗಿಟ್ಟ. ಊರು ಸಣ್ಣದು. ಮದುವೆಯಾಗದ ಹೆಣ್ಣುಮಗಳ ಹೆಸರು ಅರವತ್ತು ಕಂಪ್ಯೂಟರಿನಲ್ಲಿ. ಇನ್ನು ಪರಮಣ್ಣ ತಂಗಿಯನ್ನು ಆ ಕುರ್ಚಿಯಲ್ಲಿ ಕೂರಲು ಬಿಡುತ್ತಾನೆಯೇ? ಎಂಟು ತಿಂಗಳು ಯಾವ ಕುರ್ಚಿಗಾಗಿ ಅಕ್ಷರ ತಿದ್ದಿದನೋ ಅದನ್ನು ತಾನೇ ಕಸಿದಂತಾಯಿತು. ಹತ್ತೇ ನಿಮಿಷದಲ್ಲಿ ಸಾಲು ತೆಗೆದು ಹೊಸ ಫೈಲು ಮಾಡಿ ಕಂಪನಿಗೆ ಕಳಿಸಿದ, ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಬೇಕಾದದ್ದು ಒಂದೇ. ಹೋಗುವಷ್ಟರಲ್ಲಿ ಆ ಕುರ್ಚಿ ಖಾಲಿಯಾಗಿರಬಾರದು.

ಖಾಲಿಯಾಗಿರಲಿಲ್ಲ. ಬಾಗಿಲಿನಲ್ಲಿ ನಿಂತಾಗ ಮಾನಿಟರಿನ ಮೇಲೆ ಆ ಕನ್ನಡಕ ಕಂಡಿತು. ಒಳಗೆ ಹೆಜ್ಜೆಯಿಟ್ಟವನಿಗೆ, “ಪಾಳಿಯಾಗ ಬರ್ರಿ” ಎಂದು ಕೇಳಿಸಿತು. ಅವನು ಹಿಂದೆ ಹೋಗಿ ನಿಂತ. ಅವನ ಹಿಂದೆಯೇ ಆದೆಮ್ಮ ಬಂದು ನಿಂತು, ಏನು ಕಾಗದ ಮಾಡಿಸಬೇಕು ತಮ್ಮಾ ಎಂದು ಕೇಳಿದಳು. ಅವನು ಜೇಬಿನಿಂದ ಪೆನ್ ಡ್ರೈವ್ ತೆಗೆದು ತೋರಿಸಿದ. ಪಾಳಿ ಎಂದಿಗಿಂತ ನಿಧಾನ ಸರಿಯಿತು.

“ಏನಾಗ್ಬೇಕ್ರಿ?” ಆಕೆ ಮುಖ ಎತ್ತಲಿಲ್ಲ.

ಅವನು ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟ. “ಸಾಲು ತೆಗ್ದೀನ್ರಿ. ದೊಡ್ಡ ತಪ್ಪಾತು.”

“ಬರ್ದದ್ದು ತಪ್ಪಲ್ರಿ.” ಈಗ ಆಕೆ ತಲೆ ಎತ್ತಿ ನೋಡಿದಳು, ಕಣ್ಣು ಕೆಂಪಗಿದ್ದವು, ಇವತ್ತಿನದು ಅಕ್ಷರದಿಂದ ಬಂದ ಕೆಂಪಲ್ಲ. “ಎಂಟು ತಿಂಗಳು ಎಲ್ಲಾ ಸಾಲು ನನಗ ಮೊದ್ಲು ತೋರ್ಸಿದಾವ್ರು ನೀವು. ಇದೊಂದು ಮಾತ್ರ ಅರವತ್ತು ಮಂದಿ ಓದಿದ ಮ್ಯಾಲೆ ನಾನು ಓದಿದೆ. ಯಾಕ ತೋರಿಸ್ಲಿಲ್ಲ?”

“ಅಂಜಿಕಿ ಬಂತ್ರಿ.”

“ಏನಂತ?”

“ಕೆಂಪು ಮಾಡ್ತೀರಿ ಅಂತ.”

ಆಕೆ ಪೆನ್ ಡ್ರೈವನ್ನು ಪಕ್ಕಕ್ಕೆ ಸರಿಸಿ, ಬೆಳಿಗ್ಗೆ ನಡೆದದ್ದನ್ನು ಹೇಳಿದಳು. ಬಾಗಿಲು ತೆರೆಯುವ ಹೊತ್ತಿಗೇ ಪರಮಣ್ಣ ಬಂದಿದ್ದ, ಸಿಟ್ಟಿನಲ್ಲಿ ಉರಿಯುತ್ತಾ. ಯಾರ ಫೋನಿನಲ್ಲೋ ಸುದ್ದಿ ಕೇಳಿದ್ದ. ಎದ್ದು ಮನೆಗೆ ನಡಿ ಎಂದಿದ್ದ. ಆಕೆ ಎದ್ದಿರಲಿಲ್ಲ. ಎಲ್ಲರಿಗೂ ಮಾಡುವ ಹಾಗೆ ಮಾನಿಟರನ್ನು ಅವನ ಕಡೆ ತಿರುಗಿಸಿ, ಮಂದಿ ಹೇಳಿದ್ದು ಬೇಡ, ನೀನೇ ಓದು ಎಂದಿದ್ದಳು. ಪರಮಣ್ಣನ ಓದುವ ಚಾಳೀಸು ಅಂಗಡಿಯಲ್ಲೇ ಉಳಿದಿತ್ತು. ಆದರೂ ನಿಂತಲ್ಲಿಂದಲೇ, ಕೌಂಟರಿನ ಈಚೆಯಿಂದ, ಪೂರ್ತಿ ಓದಿದ. ಎರಡು ಸಲ ಓದಿದ. ನಿನ್ನ ತಲೆನೋವು ನಿಂತದ್ದು ಇದರಿಂದಲೇ ಏನು ಎಂದು ಕೇಳಿದ. ಹೌದೆಂದಳು. ಹೊರಡುವಾಗ ಒಂದೇ ಮಾತು ಹೇಳಿದ್ದ.

“ಏನಂದ್ರು ರೀ?” ಸಿದ್ರಾಮನ ದನಿ ಅವನಿಗೇ ಕೇಳಿಸಲಿಲ್ಲ.

“‘ಈ ಮನಿಷ್ಯಾ ಬರೇ ಕಂಪ್ಯೂಟರಿನ್ಯಾಗ ಬರಿಯಾವೋ, ಮನಿಗಿ ಬಂದು ಬಾಯಿಲೆ ಹೇಳಾವೋ?’ ಅಂದ.”

ಹೇಳಿ, ಆಕೆ ಏನನ್ನೋ ಬಿರಬಿರನೆ ಟೈಪ್ ಮಾಡಿದಳು. ಎರಡೂ ಕೈಯಿಂದ ಮಾನಿಟರು ಹಿಡಿದು ಅವನ ಕಡೆ ತಿರುಗಿಸಿದಳು. ಬಯಲು ಫಾಂಟಿನಲ್ಲಿ, ದೊಡ್ಡ ಅಕ್ಷರಗಳಲ್ಲಿ, ಅರ್ಜಿಯ ನಮೂನೆ ತುಂಬಿತ್ತು.

“ಎಲ್ಲಾರಿಗೂ ನಾನು ಓದಿ ಹೇಳ್ತೀನಿ. ಇವತ್ತು ನೀವು ಓದ್ರಿ. ಪಾಳಿಯಾಗಿನವ್ರಿಗೆ ಕೇಳೋ ಹಂಗ ಓದ್ರಿ.”

ಹೆದರುಪುಕ್ಕಲ ಸಿದ್ರಾಮ ಗಂಟಲು ಸರಿಮಾಡಿಕೊಂಡು ಓದಿದ. ಮೊದಲೆರಡು ಪದ ನಡುಗಿದವು, ಆಮೇಲೆ ದನಿ ಗಟ್ಟಿಯಾಯಿತು.

“ಅರ್ಜಿದಾರರ ಹೆಸರು: ಸಿದ್ರಾಮ. ಊರು: ಅರಕೇರಾ. ಕೋರಿಕೆ: ಉಳಿದ ಆಯುಷ್ಯವೆಲ್ಲ ನೇತ್ರಾವತಿಯ ಹತ್ತಿರ ಇರುವುದು. ಷರಾ: ಒಪ್ಪಲಾಗಿದೆ. ಷರತ್ತು ಒಂದು, ಭಾನುವಾರ ಮನೆಗೆ ಬಂದು ಅಣ್ಣನ ಮುಂದೆ ಬಾಯಿಂದ ಹೇಳತಕ್ಕದ್ದು. ಷರತ್ತು ಎರಡು, ಕುರ್ಚಿ ನನ್ನದೇ. ಷರತ್ತು ಮೂರು, ಇನ್ನು ಮುಂದೆ ಯಾವ ಸಾಲನ್ನೇ ಆಗಲಿ ಮೊದಲು ನನಗೇ ತೋರಿಸತಕ್ಕದ್ದು.”

ಪಾಳಿಯವರೆಲ್ಲ ಕತ್ತು ಚಾಚಿದರು.

“ಎಲ್ಲಾ ಸರಿ ಅದ ನೋಡ್ರಿ” ಎಂದಳು ನೇತ್ರಾವತಿ. ಆಕೆಯ ತುಟಿಯ ಆ ಕೊನೆ ಮತ್ತೆ ಸುಮ್ಮನಿರಲಾರದೆ ಮೇಲಕ್ಕೆ ಹೋಗುತ್ತಿತ್ತು.

ಸಿದ್ರಾಮ ಮತ್ತೊಮ್ಮೆ ಮೊದಲಿಂದ ಓದತೊಡಗಿದ. ಹಿಂದಿನಿಂದ ಆದೆಮ್ಮ ಅವನ ಬೆನ್ನಿಗೆ ಮೆಲ್ಲಗೆ ತಿವಿದಳು.

“ಹೌದನ್ನೋ ಯಪ್ಪಾ. ನನ್ನ ಪಾಳಿ ಬರಬೇಕು.”

ಅವನು ಬೆರಳು ಚಾಚಿ, ಗಾಜಿನ ಮೇಲೆ, ಅರ್ಜಿದಾರನ ಹೆಸರನ್ನು ಮುಟ್ಟಿದ.

“ಹೌದ್ರಿ” ಎಂದ, ಎಲ್ಲರಿಗೂ ಕೇಳುವ ಹಾಗೆ. “ಇದು ನಾನೇ.”

ಆಕೆ ಪ್ರಿಂಟ್ ಒತ್ತಿದಳು. ಎರಡು ಪ್ರತಿ ಬಂದವು. ಒಂದನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ನಾಲ್ಕು ಮಡಿಕೆ ಮಾಡಿ, ಖಾಲಿಯಿದ್ದ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಳು.